ಮನೆ ಪರದೆ: ಈ ವಾರದ ಡಿವಿಡಿ

ತೀನ್ ಕಂದೀಲಿನ ಹತ್ತಿರ ಮಸ್ತಾನ್‌ವಲಿಯ ಅಂಗಡಿಯಲ್ಲಿ
ಇಪ್ಪತ್ತು ರೂಪಾಯಿ ಬಾಡಿಗೆ, ನೂರು ಡಿಪಾಸಿಟ್ಟು.
ಶನಿವಾರ ಜಿನ್ನಿಂಗ್ ಮಿಲ್ಲಿನ ಲೆಕ್ಕ ಮುಗಿಸಿ ತಂದೆ.
ಭಾನುವಾರ ಹತ್ತರೊಳಗೆ ಮುನ್ನೂರು ಪದ
ಪತ್ರಿಕೆಯ ಆಫೀಸಿಗೆ ಮುಟ್ಟಬೇಕು.

ಚಿತ್ರ: ಸ್ವಚ್ಛ. ಕೆಂಪು ಮಾತ್ರ ತುಸು ಹೆಚ್ಚು,
ನಾಯಕಿಯ ಕೆನ್ನೆ ಗುಂಟೂರು ಮೆಣಸಿನಕಾಯಿ.
ಧ್ವನಿ: ಎಡದ ಸ್ಪೀಕರಿನಲ್ಲಿ ಮಾತು, ಬಲದಲ್ಲಿ ಬರೀ ಪಿಟೀಲು.
ಹೆಚ್ಚುವರಿ: ಕತ್ತರಿಸಿದ ಮೂರು ದೃಶ್ಯ, ಕತ್ತರಿಸಿದ್ದೇ ಸರಿ.
ನಿರ್ದೇಶಕರ ಮಾತು ಹದಿನೆಂಟು ನಿಮಿಷ,
ಅದರಲ್ಲಿ ಒಂಬತ್ತು ನಿರ್ಮಾಪಕರಿಗೆ ನಮಸ್ಕಾರ.

ಕಥೆ ಇಷ್ಟೆ. ಮದುವೆ ಒಲ್ಲದ ವಕೀಲೆ, ಮದುವೆ ಮುರಿದ ಬಸ್ ಮಾಲೀಕ
ಒಂದೇ ಲಿಫ್ಟಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ದೀಪ ಆರುತ್ತದೆ.
ದೀಪ ಬಂದಾಗ ಅವನೊಳಗೆ ಅವಳು, ಅವಳೊಳಗೆ ಅವನು.
ಆಮೇಲೆ ನಡಿಗೆ, ನಾಚಿಕೆ, ಸೀರೆ ಎಡವಿ ಬೀಳುವುದು,
ಅವಳ ತುಟಿಗೆ ಬೀಡಿ, ಅವನ ಬೆರಳಿಗೆ ರಂಗೋಲಿ.
ನಾನು ನಕ್ಕೆ. ಎರಡು ಸಲ ಬರೆದಿಟ್ಟೆ, 'ಹೊಟ್ಟೆ ಹುಣ್ಣಾಗಿಸುವ' ಎಂದು.
ಪಕ್ಕದಲ್ಲಿ ಸೂಗಮ್ಮ ತೊಗರಿಬೇಳೆ ಹಸನು ಮಾಡುತ್ತಿದ್ದಳು,
ನಗಲಿಲ್ಲ. ಹರಳು ಆರಿಸುವಾಗ ನಗುವುದಿಲ್ಲವೇನೋ ಅಂದುಕೊಂಡೆ.

ಒಂದು ತಾಸು ಹನ್ನೆರಡು ನಿಮಿಷಕ್ಕೆ ಡಿಸ್ಕಿನಲ್ಲಿ ಗೀರು.
ನಾಯಕಿ, ಅಂದರೆ ಅವಳೊಳಗಿನ ನಾಯಕ, ಬಾಯಿ ತೆರೆದು
'ಈಗ ಗೊತ್ತಾಯಿತು' 'ಈಗ ಗೊತ್ತಾಯಿತು' 'ಈಗ ಗೊ'
ಅನ್ನುತ್ತಲೇ ನಿಂತಳು. ಒರೆಸಲು ಎದ್ದೆ. ಕರೆಂಟು ಹೋಯಿತು.
ಅದೇ ಹೊತ್ತಿಗೆ ಕೆಳಗೆ ಓಣಿಯ ನಳದಲ್ಲಿ
ನಾಲ್ಕು ದಿನದ ಮೇಲೆ ಗಾಳಿ ಕೆಮ್ಮಿ

ಮುಂದ ನಾ ಬರೆಯಾಕತ್ತೀನಿ. ಸೂಗಮ್ಮ.
ಇವತ್ತ ನೀವ ಹೋಗ್ರಿ ಅಂದೆ. ಕತ್ತಲದಾಗ
ನನ್ನ ಚಪ್ಪಲಿ ಮೆಟ್ಟಿಗಂಡು ಕೊಡ ಹಿಡ್ಕಂಡು ಹೋದ್ರು.
ಮೇಣಬತ್ತಿ ಹಚ್ಚೀನಿ. ಪೆನ್ನಿನ ಕ್ಯಾಪಿನ ತುಂಬ
ಅವರ ಹಲ್ಲಿನ ಗುರುತು.

ಗಂಡಸು ಹೆಣ್ಣಾದ ಕೂಡ್ಲೆ ಕನ್ನಡಿ ಮುಂದ ನಿಂತ.
ನಾ ಗಂಡಸಾದ್ರ ಮೊದಲ ಕುಂತು ಉಣ್ತಿದ್ದೆ,
ಬಿಸಿ ರೊಟ್ಟಿ, ಒಲಿಗೆ ಬೆನ್ನ ಹಾಕಿ.
ತಿಂಗಳ ತನಕ ಆಕಿ ಮೈಯಾಗ ಇದ್ದ,
ಒಮ್ಮೆರ ಕಿಬ್ಬೊಟ್ಟಿ ಹಿಡ್ಕಂಡು ಕೂಡಲಿಲ್ಲ,
ಒಮ್ಮೆರ ಬಸ್ಸಿನಾಗ ಸಟ್ನ ಹಿಂದ ತಿರುಗಿ ನೋಡಲಿಲ್ಲ.
ಬಸ್ ಮಾಲಕ ಅಂತ!
ವಕೀಲಕಿ ಅವನ ಮೈಯಾಗ ಹೊಕ್ಕು ಮಾಡಿದ್ದೇನು? ಅಡಿಗಿ.
ಗಂಡಿನ ಮೈ ಸಿಕ್ಕರೂ ಅಡಿಗಿ ಮಾಡ್ತಾಳಂದ್ರ
ಕಥಿ ಬರದಾಂವ ಹಸದಿರಬೇಕು.

ಒಂದ ಸೀನು ಛಲೋ ಐತಿ. ಅವರು ಬರಕಂಡಿಲ್ಲ.
ರಾತ್ರಿ ಹನ್ನೊಂದಕ್ಕ ಆಕಿ ಅವನ ಅಂಗಿ ತೊಟ್ಟು
ಸ್ಟೇಷನ್ನಿನ ಬಾಕಿನ ಮ್ಯಾಲ ಒಬ್ಬಾಕಿನ ಚಾ ಕುಡೀತಾಳ.
ಯಾರೂ ನೋಡಂಗಿಲ್ಲ. ಹಾಡಿಲ್ಲ. ಪಿಟೀಲೂ ಇಲ್ಲ.
ಕಪ್ಪು ಖಾಲಿ ಆದ್ರೂ ಏಳಂಗಿಲ್ಲ.
ಅಲ್ಲಿ ನನ್ನ ಕೈ ನಿಂತಿತ್ತು. ಒಂದ್ಯಾಡ ಹರಳು
ಬ್ಯಾಳ್ಯಾಗ ಉಳದಿರಬೇಕು. ನಾಳೆ ಅವರ ಹಲ್ಲಿಗೆ ಸಿಗತಾವ.

ಸ್ಟಾರು ಎಷ್ಟು ಅಂತ ಕೇಳ್ತೈತಿ ಪೇಪರು. ಅವರು ಮೂರು ಹಾಕ್ಯಾರ.
ಒಂದ ಹೊಡದು ಹಾಕ್ದೆ. ಮತ್ತ ಬರದೆ,
ಆ ಚಾದ ಸಲುವಾಗಿ.

ಮೆಟ್ಟಲ ಮ್ಯಾಲ ಸಪ್ಪಳ. ಬಲಗಾಲ ಚಪ್ಪಲಿ ಉಂಗುಟ
ಹರದಿತ್ತು, ಹೇಳಾಕ ಮರತಿದ್ದೆ.
ಕಾಲು ಎಳಕಂತ, ಕೊಡ ಟೊಂಕಕ್ಕ ಇಟ್ಗಂಡು, ಒಂದ ಕಡೆ ವಾಲಿ,
ಥೇಟ್ ನಾ ನಡದಂಗ ಬರಾಕತ್ತಾರ.
ಈಗ ಬಂತು ನೋಡ್ರಿ ನಗು.
ಬರಕೋರಿ.